ನೀರಿನಿಂದ ಬೆಂಕಿ ತೆಗೆಯುವ ಮಷಿನ್: ಒಂದು ವರ್ಷ ಬಳಸಿದ ಮೇಲೆ

ಶಿರಸಿಯಲ್ಲಿ ನನ್ನದು ಸಣ್ಣ ಚಿನ್ನದ ಕೆಲಸದ ಅಂಗಡಿ. ಹೋದ ವರ್ಷ ಗಂಟೆಗೆ 150 ಲೀಟರ್ ಗ್ಯಾಸ್ ಕೊಡುವ ಹೈಡ್ರೋಜನ್ ಬೆಸುಗೆ ಮಷಿನ್ ತಂದೆ. 62 ಸಾವಿರ ಬಿತ್ತು. ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮಾರಲು ಬಂದವನು "ಇದು ಬರೀ ನೀರಲ್ಲಿ ಓಡುತ್ತೆ ಸಾರ್" ಅಂದಿದ್ದ. ಸುಳ್ಳು. ಓಡುವುದು ಕರೆಂಟಿನಲ್ಲಿ. ಒಳಗಿನ ಪ್ಲೇಟುಗಳಿಗೆ ಕರೆಂಟ್ ಹರಿದರೆ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗುತ್ತದೆ. ಎರಡೂ ಒಂದೇ ಪೈಪಿನಲ್ಲಿ ಬಂದು, ತುದಿಯಲ್ಲಿ ಉರಿದು, ಮತ್ತೆ ನೀರಾವಿಯಾಗಿ ಹೋಗುತ್ತದೆ. ನೀರು ಗಂಟೆಗೆ 80 ಮಿಲಿಲೀಟರ್, ಒಂದು ಪುಟ್ಟ ಲೋಟ ಚಹಾದಷ್ಟು. ಐದು ಗಂಟೆ ಓಡಿಸಿದರೆ ಕರೆಂಟ್ ಮಾತ್ರ ಮೂರು ಯೂನಿಟ್.

ಉರಿಯ ವಿಷಯದಲ್ಲಿ ಎರಡು ಮಾತಿಲ್ಲ. ಇಂಜೆಕ್ಷನ್ ಸೂಜಿಯಂಥ ನಳಿಕೆ, ಅದರ ತುದಿಯಲ್ಲಿ ಸೂಜಿಯಂಥದೇ ಬೆಂಕಿ. ಸರದ ಒಂದು ಕೊಂಡಿ ಬೆಸೆಯುವಾಗ ಪಕ್ಕದ ಕೊಂಡಿ ಅಲ್ಲಾಡುವುದಿಲ್ಲ. ಮಸಿ ಇಲ್ಲ, ಬಿಳಿಗಾರ ಕೂಡ ಕಡಿಮೆ ಸಾಕು. ಮೊದಲ ವಾರ ಕೈ ಹಿಡಿತಕ್ಕೆ ಬರದೆ ನಾಲ್ಕೈದು ಕೊಂಡಿ ಕರಗಿ ಗುಂಡು ಗುಂಡಾದವು, ಅದು ನನ್ನ ತಪ್ಪು. ಇನ್ನೊಂದು ವಿಷಯ: ಹೈಡ್ರೋಜನ್ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೇ ಗ್ಯಾಸನ್ನು ಮೆಥನಾಲ್ ಡಬ್ಬಿಯೊಳಗಿಂದ ಹಾಯಿಸಿ ಬಣ್ಣ ಬರಿಸುತ್ತಾರೆ. ಮೆಥನಾಲಿನಲ್ಲಿ ಇಂಗಾಲ ಇದೆ, ಹಾಗಾಗಿ ಮಷಿನ್ ಮೇಲಿನ 'ಪೂರ್ತಿ ಹಸಿರು', ಅಂದರೆ ಇಂಗಾಲವೇ ಬಿಡುವುದಿಲ್ಲ, ಅನ್ನುವ ಸ್ಟಿಕ್ಕರ್ ನೋಡಿದಾಗ ನಗು ಬರುತ್ತದೆ.

ಚಿನ್ನ ಕರಗಿಸಲು ಇದು ಆಗದು. ಮೂಸೆ ಕಾಯಿಸಲು ಹೋಗಿ ಅರ್ಧ ದಿನ ಕಳೆದೆ. ಅದಕ್ಕೆ ಸಿಲಿಂಡರ್ ಇಟ್ಟುಕೊಂಡೇ ಇದ್ದೇನೆ. ಆದರೆ ಎರಡು ತಿಂಗಳಿಗೆ ಮುಗಿಯುತ್ತಿದ್ದ 19 ಕೆಜಿ ಸಿಲಿಂಡರ್ ಈಗ ಐದು ತಿಂಗಳು ಬರುತ್ತದೆ.

ಹಸಿರು ಅಂತ ಕರೆಯಬಹುದಾ? ಅಂಗಡಿ ಮಾಡಿನ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ, ಬಿಸಿಲಿದ್ದ ದಿನ ಧೈರ್ಯವಾಗಿ ಹೌದು ಅನ್ನುತ್ತೇನೆ. ಒಂದು ಕೆಜಿ ಹೈಡ್ರೋಜನ್‌ಗೆ 2 ಕೆಜಿ ಕಾರ್ಬನ್ ಡೈಆಕ್ಸೈಡ್ ಮೀರದಿದ್ದರೆ ಮಾತ್ರ 'ಹಸಿರು' ಎಂದು ಕೇಂದ್ರ ಸರ್ಕಾರ 2023ರಲ್ಲಿ ಗೆರೆ ಹಾಕಿದೆ. ಒಂದು ಕೆಜಿ ತೆಗೆಯಲು ಸುಮಾರು 55 ಯೂನಿಟ್ ಬೇಕು. ದೇಶದ ಗ್ರಿಡ್ ಕರೆಂಟಿನ ಸರಾಸರಿ ಹಿಡಿದರೆ ಕಾರ್ಬನ್ ಡೈಆಕ್ಸೈಡ್ 30 ಕೆಜಿ ದಾಟುತ್ತದೆ! ನಮ್ಮ ಮಲೆನಾಡಿನ ಆಷಾಢದಲ್ಲಿ ಸೋಲಾರ್ ಲೆಕ್ಕಕ್ಕಿಲ್ಲ. ಕರೆಂಟ್ ಹೋದರೆ ಗ್ರಿಡ್‌ಗೆ ಕಟ್ಟಿದ ಸೋಲಾರೂ ತಾನೇ ಬಂದ್ ಆಗುತ್ತದೆ. ಇದನ್ನು ಯಾರೂ ಮೊದಲೇ ಹೇಳಲಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಜಿಂದಾಲ್‌ನಲ್ಲಿ ಕಬ್ಬಿಣ ತೆಗೆಯಲು ಹಸಿರು ಹೈಡ್ರೋಜನ್ ಬಳಸುತ್ತಿದ್ದಾರೆ. ಅಂಥ ಕಡೆ ಎರಡು ಗ್ಯಾಸನ್ನೂ ಬೇರೆ ಬೇರೆ ಹಿಡಿಯುತ್ತಾರೆ. ನನ್ನದರಲ್ಲಿ ಬೆರೆತೇ ಬರುವುದರಿಂದ ಕೂಡಿಡುವ ಮಾತೇ ಇಲ್ಲ, ಅಪಾಯ. ಆಗಿಂದಾಗ ಮಾಡಿ ಆಗಿಂದಾಗ ಸುಡಬೇಕು.

ಈಗ ಸಿಟ್ಟಿನ ವಿಷಯ. ಮೂರನೇ ತಿಂಗಳಲ್ಲಿ ಪ್ರೆಶರ್ ಸ್ವಿಚ್ ಕೈಕೊಟ್ಟಿತು. ಫೋನ್ ಮಾಡಿದರೆ "ನಾಳೆ ಬರ್ತಾರೆ". ಆ ನಾಳೆ ಬರಲು 19 ದಿನ ಹಿಡಿಯಿತು. ಮದುವೆ ಸೀಸನ್ ಬೇರೆ. ಬಂದ ಹುಡುಗ ಒಳ್ಳೆಯವನು, ಹತ್ತು ನಿಮಿಷದಲ್ಲಿ ಸರಿ ಮಾಡಿದ, ಉರಿ ಪೈಪಿನೊಳಗೆ ವಾಪಸ್ ಹೋಗದಂತೆ ತಡೆಯುವ ಬಿಡಿಭಾಗವನ್ನೂ ತೊಳೆದುಕೊಟ್ಟ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಹಾಕಬೇಡಿ ಅಂದ. ಬಾವಿ ನೀರು ಎಷ್ಟೇ ತಿಳಿ ಇದ್ದರೂ ಪ್ಲೇಟು ಹಾಳು ಮಾಡುತ್ತದಂತೆ. ಒಳಗಿನ ನೀರಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬೆರೆಸಿರುತ್ತಾರೆ, ಕೈಗೆ ಬಿದ್ದರೆ ಸುಡುತ್ತದೆ, ಗ್ಲೌಸ್ ಬೇಕೇ ಬೇಕು.

ಸರ, ತಾಳಿ ಬೆಸುಗೆ ಜಾಸ್ತಿ ಇರುವವರು ತೆಗೆದುಕೊಳ್ಳಿ. ಕರಗಿಸುವುದೇ ಜಾಸ್ತಿ ಇದ್ದರೆ ಬೇಡ. ಮುಂಗಡ ಕೊಡುವ ಮೊದಲು ಸರ್ವಿಸ್ ಹುಡುಗ ಯಾವ ಊರಿನಲ್ಲಿರುತ್ತಾನೆ ಅಂತ ಕೇಳಿ.