ಸಾಗರದಿಂದ ತಂದ ಮುರುಗಲು ತುಪ್ಪ: ಹಚ್ಚೋಕೆ ಚೆನ್ನಾಗಿದೆ, ಆದ್ರೆ ಊಟನೂ ನೋಡ್ಕೊಳಿ

ಸಾಗರ ಪೇಟೇಲಿ ಒಂದು ಗ್ರಂಥಿಗೆ ಅಂಗಡೀಲಿ ತಗೊಂಡ ಮುರುಗಲು ತುಪ್ಪದ ಬಗ್ಗೆ ಬರೀತಿದೀನಿ, ಚಳಿ ಶುರುವಾದ ಕೂಡ್ಲೆ ಮೈ ಒಡೆದು ತುರಿಸ್ಕೊಳೋ ಮಕ್ಳಿರೋ ಮನೆಯವ್ರು ಓದಿ. ಮುರುಗಲು (ಪುನರ್ಪುಳಿ, ಕೋಕಂ) ಹಣ್ಣಿನ ಬೀಜ ಒಣಗಿಸಿ ಕುಟ್ಟಿ ನೀರಲ್ಲಿ ಕುದಿಸಿ ಮೇಲೆ ತೇಲೋ ಕೊಬ್ಬು ತೆಗೆದು ಉಂಡೆ ಕಟ್ಟಿರ್ತಾರೆ, ನನಗೆ ಸಿಕ್ಕಿದ್ರ ಮೇಲೆ ಕಟ್ಟಿದವ್ರ ಬೆರಳಚ್ಚು ಹಾಗೇ ಇತ್ತು. ತಿಳಿ ಹಳದಿ, ವಾಸನೆ ಇಲ್ಲ ಅಂತ್ಲೇ ಅನ್ನಬಹುದು, ಕಲ್ಲಿನ ಥರ ಗಟ್ಟಿ. ಕರಗೋದು ಹೆಚ್ಚುಕಮ್ಮಿ 38-40 ಡಿಗ್ರಿಗೆ, ಅದ್ಕೇ ಬೆರಳಲ್ಲಿ ಒತ್ತಿದ್ರೆ ಬರಲ್ಲ, ಚಾಕುವಲ್ಲಿ ಕೆರೆದು ಬಿಸಿ ಮಾಡಿದ ಚಮಚದಲ್ಲಿ ಕರಗಿಸಿ ಆರಿಸಿ, ಸ್ನಾನ ಆಗಿ ಮೈ ಇನ್ನೂ ಹಸಿ ಇದ್ದಾಗ್ಲೇ ಹಚ್ಚಬೇಕು. ಇದ್ರ ಕೊಬ್ಬಿನಾಮ್ಲಗಳಲ್ಲಿ (ಕೊಬ್ಬನ್ನ ಕಟ್ಟೋ ಆಮ್ಲಗಳು) ಅರ್ಧಕ್ಕಿಂತ ಜಾಸ್ತಿ ಸ್ಟಿಯರಿಕ್ ಆಸಿಡ್, ಉಳಿದಿದ್ದು ಬಹುಪಾಲು ಒಲಿಯಿಕ್, ಒಳಗಿನ ತೇವ ಆರಿಹೋಗದ ಹಾಗೆ ಚೆನ್ನಾಗಿ ಕೂರತ್ತೆ. ಮಗಳ ಮೊಣಕೈ ಮಡಿಕೇಲಿದ್ದ ಇಸುಬಿನ ಸುತ್ತ ಒರಟೆಲ್ಲ ಮೆತ್ತಗಾಯ್ತು, ರಾತ್ರಿ ತುರಿಕೆ ಕಮ್ಮಿಯಾಯ್ತು. ಡಾಕ್ಟ್ರು ಕೊಟ್ಟ ಮುಲಾಮೂ ಜೊತೆಗೇ ನಡೀತಿತ್ತು, ಅದನ್ನೂ ಹೇಳ್ಬೇಕು.

ಆದ್ರೆ ಅಂಗಡಿಯವ್ರು ಇದೊಂದೇ ಸಾಕು, ಇಸುಬು ಬುಡದಿಂದ ಹೋಗತ್ತೆ ಅಂದ್ರು, ಅದನ್ನ ನಾನು ಒಪ್ಪಲ್ಲ ಮಾರಾಯ್ರೆ. ಚರ್ಮದ ಹೊರಪದರ ಭದ್ರ ಇಡೋ ಕೊಬ್ಬಾದ ಸೆರಮೈಡ್‌ಗಳಿಗೆ ಲಿನೋಲಿಯಿಕ್ ಆಸಿಡ್ ಅನ್ನೋ ಇನ್ನೊಂದು ಕೊಬ್ಬಿನಾಮ್ಲ ಬೇಕು, ಈ ತುಪ್ಪದಲ್ಲಿ ಅದು ತೀರಾ ಕಮ್ಮಿ, ದೇಹ ತಾನಾಗಿ ಮಾಡ್ಕೊಳಕ್ಕೂ ಬರಲ್ಲ, ಊಟದಿಂದ್ಲೇ ಬರ್ಬೇಕು. 1929ರಲ್ಲೇ ಅಮೆರಿಕದ ವಿಜ್ಞಾನಿಗಳು ಬರ್ ದಂಪತಿ ಇಲಿಗಳಿಗೆ ಕೊಬ್ಬಿಲ್ಲದ ಆಹಾರ ಹಾಕಿ ನೋಡಿದಾಗ ಅವುಗಳ ಚರ್ಮ, ಬಾಲ ಎಲ್ಲ ಹೊಟ್ಟೆದ್ದು ಪೊರೆ ಪೊರೆ ಆಗಿತ್ತು. ಈಗ ನೋಡಿದ್ರೆ ಕೆಲವ್ರು ಒಮೆಗಾ-6 (ಕೊಬ್ಬಿನಾಮ್ಲಗಳ ಒಂದು ಗುಂಪು) ಅಂದ್ರೆ ವಿಷ ಅಂತ ಹೆದ್ರಿಸ್ತಾರೆ, ಕೇಳಿದ್ರೆ ಕೋಪ ಬರತ್ತೆ, ಲಿನೋಲಿಯಿಕ್ಕೂ ಒಮೆಗಾ-6ನೇ ಅಲ್ವಾ! ಅದೇ ಗುಂಪಿನ ಅರಾಕಿಡೋನಿಕ್ ಆಸಿಡ್‌ನಿಂದ ಪ್ರೊಸ್ಟಾಗ್ಲಾಂಡಿನ್ ಇ2, ಲ್ಯೂಕೋಟ್ರೀನ್ ಬಿ4 ಅನ್ನೋ ಉರಿಯೂತ ಎಬ್ಬಿಸೋ ವಸ್ತುಗಳು ಹುಟ್ಟಿ ಚರ್ಮ ಕೆಂಪಾಗಿ ಊದ್ಕೊಳತ್ತೆ ನಿಜ, ಮೀನಿನ ಒಮೆಗಾ-3 (ಇನ್ನೊಂದು ಗುಂಪು) ಇವನ್ನ ಮಾಡೋ ಕಿಣ್ವಗಳಿಗೇ ಪೈಪೋಟಿಗೆ ನಿಲ್ಲತ್ತೆ, ಅದ್ರಿಂದ ಆಗೋ ರಿಸಾಲ್ವಿನ್‌ಗಳು ಉರಿಯೂತ ಇಳಿಸೋಕೆ ಸಹಾಯ ಮಾಡ್ತವೆ. ಹಾಗಂತ ಮೀನೆಣ್ಣೆ ಮಾತ್ರೆ ನುಂಗಿದ್ರೆ ಇಸುಬು ವಾಸಿಯಾಗತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ, ದುಡ್ಡು ಸುರೀಬೇಡಿ.

ನಮ್ಮನೇಲಿ ಮೈಗೆ ಮುರುಗಲು, ಊಟಕ್ಕೆ ಲಿನೋಲಿಯಿಕ್ ಇರೋ ಹುಚ್ಚೆಳ್ಳು ಚಟ್ನಿಪುಡಿ, ಶಿವಮೊಗ್ಗಕ್ಕೆ ಕರಾವಳಿ ಕಡೆ ಮೀನು ಬಂದಾಗ ಒಮೆಗಾ-3ಗೆ ಬೂತಾಯಿ. ಮೀನು ತಿನ್ನದವ್ರಿಗೆ ಅಗಸೆ ಇದೆ, ಆದ್ರೆ ಅದ್ರ ಒಮೆಗಾ-3ಲಿ ಮೈಯೊಳಗೆ ಇಪಿಎ (ಮೀನಲ್ಲಿರೋ ಥರದ ಒಮೆಗಾ-3) ಆಗಿ ಬದಲಾಗೋದು ಸ್ವಲ್ಪನೇ.

ಬೆಲೆ ತೆಂಗಿನೆಣ್ಣೆಗಿಂತ ಜಾಸ್ತಿ, ಆದ್ರೆ ಒಂದು ಉಂಡೆ ಬಹಳ ದಿನ ಬರತ್ತೆ. ತಗೊಳೋವಾಗ ಉಗುರಲ್ಲಿ ಕೆರೆದು ಮೂಸಿ ನೋಡಿ, ಕಮಟು ವಾಸನೆ ಬಂದ್ರೆ ಹಳೇದು. ನನ್ನ ಒಂದು ಉಂಡೆ ಒಳಗೆ ಬೀಜದ ಚೂರಿತ್ತು, ಮಕ್ಳ ಮೈಗೆ ಗೀರತ್ತೆ, ಕರಗಿಸಿ ಬಟ್ಟೇಲಿ ಸೋಸ್ಕೊಳಿ. ನೀರು ಒಸರ್ತಿರೋ, ಕೀವಾಗಿರೋ ಇಸುಬಿಗೆ ಮಾತ್ರ ಇದನ್ನ ಮೆತ್ತಬೇಡಿ, ಸೀದಾ ಚರ್ಮದ ಡಾಕ್ಟ್ರ ಹತ್ರ ಹೋಗಿ.