ಮ್ಯಾಕ್‌ಬೆತ್ ಆಡಿಯೋ ನಾಟಕ: ನಾಲ್ಕು ಸ್ಟಾರ್, ಐದನೆಯದು ದ್ವಾರಪಾಲಕನಿಗಾಗಿ ಕಡಿತ

ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಸ್ಪೀಕರ್‌ನಲ್ಲಿ ಮಾಟಗಾತಿಯರ ಅರ್ಧ ಮಾತು ಗುಡುಗಿನಲ್ಲಿ ಮುಳುಗಿಹೋಗುತ್ತದೆ. ಸದ್ದು ಜೋಡಿಸಿದವರಿಗೆ ಗುಡುಗಿನ ಮೇಲೆ ಅದೇನು ಮೋಹವೋ. ಉಳಿದಂತೆ ರೆಕಾರ್ಡಿಂಗ್ ಚೊಕ್ಕವಾಗಿದೆ. ಶೇಕ್ಸ್‌ಪಿಯರ್‌ನ ದುರಂತ ನಾಟಕಗಳಲ್ಲಿ ಇದೇ ಎಲ್ಲಕ್ಕಿಂತ ಚಿಕ್ಕದು, ಕೂತ ಕಡೆಯೇ ಮುಗಿಸಬಹುದು.

ನಾನು ಲೆಕ್ಕಪರಿಶೋಧನೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಆಡಿಟ್‌ನಲ್ಲಿ ಮೂಲ ಕಳ್ಳತನ ಕಣ್ಣಿಗೆ ಬೀಳುವುದು ಅಪರೂಪ. ಸಿಕ್ಕಿಬೀಳುವುದು ಅದನ್ನು ಮುಚ್ಚಲು ಆಮೇಲೆ ಹುಟ್ಟಿಸಿದ ವೋಚರ್. ಮ್ಯಾಕ್‌ಬೆತ್‌ನ ಕಥೆಯೂ ಅದೇ. ಸೇನಾನಿ ಮ್ಯಾಕ್‌ಬೆತ್ ಮನೆಗೆ ಅತಿಥಿಯಾಗಿ ಬಂದ ದೊರೆ ಡಂಕನ್‌ನನ್ನು ಮಲಗಿದ್ದಲ್ಲೇ ಇರಿಯುತ್ತಾನೆ. ಕಾವಲಿನವರಿಗೆ ರಕ್ತ ಬಳಿಯುವ ಕೆಲಸ ಹೆಂಡತಿಯದು. ಬೆಳಗಾಗುತ್ತಲೇ, ಸಿಟ್ಟು ತಡೆಯಲಾಗಲಿಲ್ಲವೆಂದು ಆ ಕಾವಲಿನವರನ್ನೂ ಮುಗಿಸುತ್ತಾನೆ. ವಿಚಾರಣೆಗೆ ಇನ್ನು ಯಾರಿದ್ದಾರೆ? ದೊರೆಯ ಮಕ್ಕಳು ಹೆದರಿ ಓಡಿಹೋದದ್ದೇ ತಡ, ಕಾವಲಿನವರಿಗೆ ಆಮಿಷ ಒಡ್ಡಿ ಕೊಲ್ಲಿಸಿದವರು ಅವರೇ ಎಂಬ ಗುಮಾನಿ ಹಬ್ಬುತ್ತದೆ. ಇಲ್ಲಿ ಮ್ಯಾಕ್‌ಬೆತ್ ಪಾತ್ರಧಾರಿಯ ದುಃಖ ಬೇಕಾದ್ದಕ್ಕಿಂತ ಒಂದು ತೂಕ ಜಾಸ್ತಿ. ಯಾರೂ ಕೇಳದ ಪ್ರಶ್ನೆಗೂ ಉತ್ತರ ಕೊಡುವ ಆ ದನಿ ನನಗೆ ಎಷ್ಟೋ ಕಚೇರಿಗಳಲ್ಲಿ ಪರಿಚಯ.

ಅಲ್ಲಿಂದ ಮುಂದೆ, ಹೀಗೆ ಕೈಗೆ ಬಂದ ಸಿಂಹಾಸನ ಉಳಿಸಿಕೊಳ್ಳುವ ಖರ್ಚು ಏರುತ್ತಲೇ ಹೋಗುತ್ತದೆ. ಜೊತೆಯ ಸೇನಾನಿ ಬ್ಯಾಂಕೋನನ್ನು ಕೊಲ್ಲಲು ಇಬ್ಬರನ್ನು ಗೊತ್ತುಮಾಡಿ, ನಿಮ್ಮ ಬಾಳು ಹಾಳುಮಾಡಿದವನು ಅವನೇ ಎಂದು ತಲೆ ತುಂಬುತ್ತಾನೆ. ಸಾಲದೆಂದು ಆ ಜಾಗಕ್ಕೆ ಮೂರನೆಯವನೊಬ್ಬ ಬಂದು, ನನ್ನನ್ನು ಕಳಿಸಿದ್ದೂ ಮ್ಯಾಕ್‌ಬೆತ್ತೇ ಎನ್ನುತ್ತಾನೆ. ಮೊದಲಿನ ಇಬ್ಬರು ಒಂದು ಕ್ಷಣ ಸುಮ್ಮನಾಗುವುದನ್ನು ಇಲ್ಲಿ ಚೆನ್ನಾಗಿ ಹಿಡಿದಿದ್ದಾರೆ. ಔತಣದಲ್ಲಿ ಎಲ್ಲರೂ ಕಾಯುವುದು ಬ್ಯಾಂಕೋನ ಭೂತಕ್ಕೆ. ನೀವು ಅದಾದ ಮೇಲೆ ಗಂಡ ಹೆಂಡತಿ ಇಬ್ಬರೇ ಉಳಿದಾಗಿನ ಮಾತಿಗೆ ಕಿವಿಗೊಡಿ: ಒಬ್ಬೊಬ್ಬ ಸರದಾರನ ಮನೆಯಲ್ಲೂ ತನ್ನ ಸಂಬಳ ತಿನ್ನುವ ಆಳೊಬ್ಬನಿದ್ದಾನಂತೆ. ನಟ ಇದನ್ನು ಪಿಸುಗುಟ್ಟುವುದಿಲ್ಲ, ಬಟವಾಡೆ ಪಟ್ಟಿ ಓದುವ ದನಿಯಲ್ಲಿ ಹೇಳಿಬಿಡುತ್ತಾನೆ. ನನಗೆ ಮೈ ಜುಂ ಎಂದದ್ದು ಅಲ್ಲೇ. ನಿದ್ದೆಯಲ್ಲಿ ನಡೆದಾಡುವ ಹೆಂಡತಿಯ ದೃಶ್ಯ ಪರವಾಗಿಲ್ಲ, ಸ್ವಲ್ಪ ಅತಿಯಾಯಿತು.

ಸಿಟ್ಟು ಬಂದದ್ದು ದ್ವಾರಪಾಲಕನ ಭಾಗಕ್ಕೆ ಕತ್ತರಿ ಹಾಕಿದ್ದಕ್ಕೆ. ಕೊಲೆಯ ಬೆನ್ನಲ್ಲೇ ಬಾಗಿಲು ಬಡಿಯುತ್ತಿರುವಾಗ ಈ ಕುಡುಕ ತಾನು ನರಕದ ಬಾಗಿಲು ಕಾಯುವವನೆಂದು ಆಟ ಕಟ್ಟುತ್ತಾನೆ. ಎರಡೂ ಪಕ್ಷಕ್ಕೆ ಪ್ರಮಾಣ ಮಾಡಬಲ್ಲ ಎರಡು ನಾಲಿಗೆಯವನೊಬ್ಬನನ್ನು ಒಳಗೆ ಕರೆಯುತ್ತಾನೆ. ಇಂಗ್ಲೆಂಡಿನ ದೊರೆಯನ್ನೂ ಸಂಸತ್ತನ್ನೂ ಸ್ಫೋಟಿಸಲು ಹೂಡಿದ 1605ರ ಸಿಡಿಮದ್ದಿನ ಪಿತೂರಿಯ ನಂತರ 1606ರಲ್ಲಿ ಗಲ್ಲಿಗೇರಿದ ಪಾದ್ರಿ ಹೆನ್ರಿ ಗಾರ್ನೆಟ್‌ಗೆ ಕೊಟ್ಟ ಕುಟುಕು ಅದೆಂದು ವಿದ್ವಾಂಸರು ಹೇಳುತ್ತಾರೆ. ಬರ್ನಂ ಕಾಡು ನಡೆದು ಬರುವ ತನಕ ನಿನಗೆ ಸೋಲಿಲ್ಲ ಎಂದು ಮಾಟಗಾತಿಯರ ಕಡೆಯಿಂದ ಮ್ಯಾಕ್‌ಬೆತ್‌ಗೆ ಸಿಗುವ ಭರವಸೆಯೂ ಅದೇ ಎರಡು ನಾಲಿಗೆಯ ಜಾತಿಯದು. ಕೊಂಬೆ ಹಿಡಿದ ಸೈನಿಕರು ಬಂದಾಗಲೇ ಅವನಿಗೆ ಅದರ ಇನ್ನೊಂದು ಮುಖ ತಿಳಿಯುವುದು. ಅಂಥ ದೃಶ್ಯವನ್ನು ನಾಲ್ಕು ಸಾಲಿಗೆ ಇಳಿಸಿದರೆ ಹೇಗೆ?

ಇತಿಹಾಸದ ಮ್ಯಾಕ್‌ಬೆತ್ ಬೇರೆ. ಡಂಕನ್ ಸತ್ತದ್ದು ಯುದ್ಧದಲ್ಲಿ. ಮ್ಯಾಕ್‌ಬೆತ್ 1040ರಿಂದ 1057ರವರೆಗೆ ಸ್ಕಾಟ್ಲೆಂಡ್ ಆಳಿದ. ಆಡಿಯೋದಲ್ಲಿ ಇದರ ಸುದ್ದಿಯೇ ಇಲ್ಲ, ಇರಬೇಕೆಂದೂ ಇಲ್ಲ.

ಹಳೆಯ ಇಂಗ್ಲಿಷ್ ಗಟ್ಟಿಯೆನಿಸಿದರೆ ಡಿ.ವಿ.ಜಿ.ಯವರ ಕನ್ನಡ ಮ್ಯಾಕ್‌ಬೆತ್ ಪಕ್ಕದಲ್ಲಿಟ್ಟುಕೊಳ್ಳಿ. ಮಕ್ಕಳಿಗೆ ಪರೀಕ್ಷೆಗೆಂದು ಕೊಡಿಸುವವರು ಈ ಆಡಿಯೋ ಬಿಟ್ಟು ಪೂರ್ತಿ ಪಾಠವಿರುವ ರೆಕಾರ್ಡಿಂಗ್ ಹುಡುಕುವುದು ಒಳ್ಳೆಯದು.