ಎಂಟಿಟಿ, ಕಾಲನಿ, ಕಾಮೆಟ್, ರ್‍ಯಾಡ್51: ಔಷಧಕ್ಕೆ ಬಗ್ಗದ ಕೋಶದ ಬಗ್ಗೆ ಯಾವುದನ್ನು ನಂಬುವುದು?

ಕ್ಯಾನ್ಸರ್ ಕೋಶಗಳನ್ನು ಒಲಾಪರಿಬ್ ಎಂಬ ಕ್ಯಾನ್ಸರ್ ಔಷಧ ಹಾಕಿದ ಮೀಡಿಯಂನಲ್ಲೇ (ಕೋಶ ಬೆಳೆಸುವ ಪೋಷಕ ದ್ರವ) ತಿಂಗಳುಗಟ್ಟಲೆ ಬೆಳೆಸಿ, ಡೋಸನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದರೆ ಕೊನೆಗೆ ಔಷಧಕ್ಕೆ ಸೊಪ್ಪು ಹಾಕದ ಒಂದಷ್ಟು ಕೋಶ ಉಳಿಯುತ್ತವೆ. ಆಗ ಎರಡು ಪ್ರಶ್ನೆ ಏಳುತ್ತವೆ. ಇವು ನಿಜಕ್ಕೂ ರೆಸಿಸ್ಟೆಂಟ್ ಆಗಿವೆಯಾ? ಆಗಿದ್ದರೆ ಹೇಗೆ ಆದವು? ಇದಕ್ಕೆ ಉತ್ತರ ಹುಡುಕಲು ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ನಾಲ್ಕು ವಿಧಾನಗಳನ್ನೂ ನಾನು ಒಂದೇ ಬಗೆಯ ಕೋಶಗಳ ಮೇಲೆ ಮಾಡಿ ನೋಡಿದ್ದೇನೆ. ಎಂಟಿಟಿ ಬದುಕಿರುವ ಕೋಶವನ್ನು ಬಣ್ಣದಿಂದ ಅಳೆಯುತ್ತದೆ, ಕಾಲನಿ ಒಂದೊಂದು ಕೋಶ ಗುಂಪಾಗಿ ಬೆಳೆಯುತ್ತದಾ ಅಂತ ನೋಡುತ್ತದೆ, ಕಾಮೆಟ್ ಡಿಎನ್‌ಎ ಮುರಿತವನ್ನು ತೋರಿಸುತ್ತದೆ, ರ್‍ಯಾಡ್51 ಎಂಬ ಪ್ರೋಟೀನ್ ಡಿಎನ್‌ಎ ರಿಪೇರಿ ನಡೆಯುತ್ತಿದೆಯಾ ಅಂತ ಹೇಳುತ್ತದೆ. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಮೊದಲ ಪ್ರಶ್ನೆಗೆ ಕಾಲನಿ, ಎರಡನೆಯದಕ್ಕೆ ರ್‍ಯಾಡ್51. ಎಂಟಿಟಿ ಅಗ್ಗ, ಆದರೆ ಈ ಔಷಧದ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಕಾಮೆಟ್ ಸಿಸ್ಪ್ಲಾಟಿನ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧದ ಕೆಲಸಕ್ಕೆ ಚೆನ್ನ.

ನಾನು ಬಳಸಿದ್ದು ಯುಡಬ್ಲ್ಯುಬಿ1.289 ಎಂಬ ಅಂಡಾಶಯ ಕ್ಯಾನ್ಸರ್ ಕೋಶ. ಇದರಲ್ಲಿ ಡಿಎನ್‌ಎ ರಿಪೇರಿಗೆ ಬೇಕಾದ ಬಿಆರ್‌ಸಿಎ1 ಪ್ರೋಟೀನ್ ಕೆಲಸಕ್ಕಿಲ್ಲ. ಇದಕ್ಕೇ ಬಿಆರ್‌ಸಿಎ1 ಜೀನ್ ಮರಳಿ ಸೇರಿಸಿದ ಜೋಡಿ ಕೋಶವೂ ಸಿಗುತ್ತದೆ. ಒಂದು ಒಲಾಪರಿಬ್‌ಗೆ ಸಾಯಬೇಕು, ಇನ್ನೊಂದು ಬದುಕಬೇಕು. ಇಂಥ ಜೋಡಿ ಕೈಯಲ್ಲಿದ್ದರೆ ಮಾತ್ರ ವಿಧಾನಗಳನ್ನು ನ್ಯಾಯವಾಗಿ ಹೋಲಿಸಬಹುದು. ಯಾಕೆಂದರೆ ಸರಿಯುತ್ತರ ಏನು ಅಂತ ನಮಗೆ ಮೊದಲೇ ಗೊತ್ತಿರುತ್ತದೆ. ಇವುಗಳ ಜೊತೆಗೆ ನಾವೇ ಬೆಳೆಸಿದ ಎರಡು ರೆಸಿಸ್ಟೆಂಟ್ ಕ್ಲೋನ್‌ಗಳಿದ್ದವು (ಕ್ಲೋನ್ ಎಂದರೆ ಒಂದೇ ಕೋಶದಿಂದ ಹುಟ್ಟಿದ ಕೋಶಗಳ ಗುಂಪು). ಇಲ್ಲಿ 'ಮೊದಲನೆಯದು', 'ಎರಡನೆಯದು' ಅಂತ ಕರೆಯುತ್ತೇನೆ. ಈ ಕೋಶಗಳ ಮೀಡಿಯಂ ಖರ್ಚು ಸ್ವಲ್ಪ ಜಾಸ್ತಿ, ಆರ್‌ಪಿಎಂಐ, ಎಂಇಜಿಎಂ ಎಂಬ ಎರಡು ಮೀಡಿಯಂಗಳನ್ನು ಅರ್ಧರ್ಧ ಬೆರೆಸಬೇಕು. ಬಜೆಟ್ ಹಾಕುವಾಗ ನೆನಪಿರಲಿ.

ಔಷಧ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದೆ ಯಾವ ವಿಧಾನ ಸರಿ ಅಂತ ಹೇಳಲು ಬರುವುದಿಲ್ಲ. ಡಿಎನ್‌ಎಯ ಒಂದು ಎಳೆ ತುಂಡಾದರೆ ಪಾರ್ಪ್1 ಎಂಬ ಪ್ರೋಟೀನ್ ಅಲ್ಲಿಗೆ ಹೋಗಿ ಕೂತು ರಿಪೇರಿಯವರನ್ನು ಕರೆಯುತ್ತದೆ. ಒಲಾಪರಿಬ್ ಆ ಪಾರ್ಪ್1 ಅನ್ನು ಅಲ್ಲೇ ಅಂಟಿಸಿಬಿಡುತ್ತದೆ. ರಸ್ತೆಯ ಗುಂಡಿ ಮುಚ್ಚಲು ಬಂದ ಲಾರಿಯೇ ಕೆಟ್ಟು ನಿಂತು ದಾರಿಗೆ ಅಡ್ಡವಾದ ಹಾಗೆ. ಕೋಶ ತನ್ನ ಡಿಎನ್‌ಎ ನಕಲು ಮಾಡುತ್ತಾ ಅಲ್ಲಿಗೆ ಬಂದಾಗ ಡಿಕ್ಕಿಯಾಗಿ ಎರಡೂ ಎಳೆ ಮುರಿಯುತ್ತವೆ. ಬಿಆರ್‌ಸಿಎ1, ಬಿಆರ್‌ಸಿಎ2 ಎರಡೂ ಸರಿಯಿದ್ದರೆ ಆ ಮುರಿತವನ್ನು ಹೋಮೋಲೋಗಸ್ ರಿಕಾಂಬಿನೇಶನ್ (ಡಿಎನ್‌ಎಯ ಸರಿಯಿರುವ ಪ್ರತಿಯನ್ನು ನೋಡಿ ಸರಿಪಡಿಸುವ ದಾರಿ) ಮೂಲಕ ತಪ್ಪಿಲ್ಲದೆ ಸರಿಪಡಿಸಬಹುದು. ಇಲ್ಲದಿದ್ದರೆ ಕೋಶಕ್ಕೆ ಉಳಿಗಾಲವಿಲ್ಲ. 2005ರಲ್ಲಿ ಇಂಗ್ಲೆಂಡಿನ ಎರಡು ಗುಂಪುಗಳು ಬಿಆರ್‌ಸಿಎ ಕೆಟ್ಟ ಕೋಶಗಳು ಪಾರ್ಪ್ ತಡೆದರೆ ಸಾಯುವುದನ್ನು 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ತೋರಿಸಿದವು. 2014ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಲಾಪರಿಬ್‌ಗೆ ಒಪ್ಪಿಗೆ ಕೊಟ್ಟಿತು. ಇಲ್ಲಿ ಗಮನಿಸಬೇಕಾದದ್ದು ಒಂದೇ: ಕೋಶ ಸಾಯಬೇಕಾದರೆ ಅದು ನಕಲು ಮಾಡಬೇಕು, ಅದೂ ಒಂದೆರಡು ಸುತ್ತು.

ಈಗ ಎಂಟಿಟಿಗೆ ಬರೋಣ. 96 ವೆಲ್‌ಗಳ (ಪುಟ್ಟ ಗುಳಿಗಳ) ಪ್ಲೇಟಿನಲ್ಲಿ ಕೋಶ ಹಾಕಿ, ಔಷಧ ಕೊಟ್ಟು, 72 ಗಂಟೆ ಬಿಟ್ಟು ಹಳದಿ ಬಣ್ಣದ ಎಂಟಿಟಿ ಹಾಕುತ್ತೀರಿ. ಬದುಕಿರುವ ಕೋಶ ಅದನ್ನು ನೇರಳೆ ಫಾರ್ಮಜಾನ್ ಮಾಡುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೋಶಗಳ ಮೇಲೆಲ್ಲ ಸೂಜಿ ಚುಚ್ಚಿದಂತೆ ನೇರಳೆ ಹರಳು. ಡಿಎಂಎಸ್‌ಒ ಎಂಬ ದ್ರಾವಕ ಹಾಕಿ ಕರಗಿಸಿ 570 ನ್ಯಾನೋಮೀಟರ್‌ನಲ್ಲಿ ಓದಿದರೆ ಮುಗಿಯಿತು. 1983ರಿಂದ ಇರುವ ವಿಧಾನ. ಸೋಮವಾರ ಶುರು ಮಾಡಿದರೆ ವಾರದ ಕೊನೆಗೆ ಯಾವ ಡೋಸ್‌ಗೆ ಎಷ್ಟು ಕೋಶ ಉಳಿದವು ಎಂಬ ಕರ್ವ್ ಕೈಯಲ್ಲಿರುತ್ತದೆ. ಗೈಡ್ ಖುಷಿ, ನಾವೂ ಖುಷಿ.

ತೊಂದರೆ ಏನೆಂದರೆ, ಎಂಟಿಟಿ ಅಳೆಯುವುದು ಕೋಶದ ಒಳಗಿನ ಎಂಜೈಮ್‌ಗಳ ಚಟುವಟಿಕೆಯನ್ನು. ಒಲಾಪರಿಬ್ ತಿಂದ ಕೋಶ ಮೂರು ದಿನದಲ್ಲಿ ಸಾಯುವುದಿಲ್ಲ. ವಿಭಜನೆ ನಿಲ್ಲಿಸಿ ಹರಡಿಕೊಂಡು, ದೊಡ್ಡದಾಗಿ ಕೂರುತ್ತದೆ. ಮೈಟೋಕಾಂಡ್ರಿಯಾ ಮಾತ್ರ ಜೋರಾಗಿ ಓಡುತ್ತಿರುತ್ತವೆ. ಭವಿಷ್ಯವಿಲ್ಲದ ಕೋಶವೂ ಗಾಢ ನೇರಳೆ ಕೊಡುತ್ತದೆ. ನನ್ನ ಕರ್ವ್‌ನಲ್ಲಿ ಸಾಯಲೇಬೇಕಾದ ಮೂಲ ಕೋಶವೂ ಬಿಆರ್‌ಸಿಎ1 ಸೇರಿಸಿದ ಕೋಶವೂ ಪಕ್ಕಪಕ್ಕದಲ್ಲೇ ನಡೆದವು. ಹತ್ತಾರು ಮೈಕ್ರೋಮೋಲಾರ್ ಹಾಕಿದ ಮೇಲಷ್ಟೇ ಇಳಿಯಲು ಶುರು. ಅಷ್ಟು ಡೋಸ್‌ನಲ್ಲಿ ಬಿಆರ್‌ಸಿಎ ಸರಿಯಿದ್ದ ಕೋಶಕ್ಕೂ ಪೆಟ್ಟು ಬೀಳುತ್ತದೆ. ಅಲ್ಲಿ ಕಾಣುವ ವ್ಯತ್ಯಾಸಕ್ಕೆ ಏನು ಅರ್ಥ ಹೇಳಿ?

ಇನ್ನೊಂದು ವಿಷಯವಿದೆ. ರೆಸಿಸ್ಟೆಂಟ್ ಕ್ಲೋನ್‌ಗಳು ಮೂಲ ಕೋಶಕ್ಕಿಂತ ನಿಧಾನವಾಗಿ ಬೆಳೆಯುವುದು ಸಾಮಾನ್ಯ. ನಿಧಾನವಾಗಿ ಬೆಳೆಯುವ ಕೋಶ 72 ಗಂಟೆಯಲ್ಲಿ ಕಡಿಮೆ ಸಲ ವಿಭಜಿಸುತ್ತದೆ, ಹಾಗಾಗಿ ಸುಮ್ನೆ ರೆಸಿಸ್ಟೆಂಟ್ ಥರ ಕಾಣುತ್ತದೆ. 2016ರಲ್ಲಿ ಹಾರ್ವರ್ಡ್‌ನ ಪೀಟರ್ ಸಾರ್ಗರ್ ಅವರ ಗುಂಪು ಇದನ್ನು ಲೆಕ್ಕ ಹಾಕಿ ತೋರಿಸಿ, ಬೆಳವಣಿಗೆಯ ವೇಗವನ್ನು ಸೇರಿಸಿಕೊಂಡು ಅಳೆಯುವ ಜಿಆರ್ ಎಂಬ ಲೆಕ್ಕ ಕೊಟ್ಟಿತು. ಎಂಟಿಟಿಯನ್ನೇ ಮಾಡಬೇಕು ಅಂತಿದ್ದರೆ ಔಷಧ ಹಾಕುವ ದಿನವೂ ಒಂದು ಪ್ಲೇಟ್ ಓದಿ ಇಟ್ಟುಕೊಳ್ಳಿ, ಆ ಲೆಕ್ಕ ಮಾಡಲು ಬರುತ್ತದೆ. ಅಂಚಿನ ವೆಲ್‌ಗಳಿಗೆ ಬರೀ ಪಿಬಿಎಸ್ ಎಂಬ ಉಪ್ಪಿನ ದ್ರಾವಣ ತುಂಬಿಸಿ, ಅಲ್ಲಿ ಮೀಡಿಯಂ ಆವಿಯಾಗಿ ಸಂಖ್ಯೆ ಕೆಡುತ್ತದೆ. ಎಟಿಪಿ ಎಂಬ ಕೋಶದ ಶಕ್ತಿಯ ಅಣುವನ್ನು ಅಳೆಯುವ ಹೊಳೆಯುವ ಕಿಟ್‌ಗಳೂ ಇವೆ. ಸೂಕ್ಷ್ಮ ಹೌದು, ದುಬಾರಿ. ಆದರೆ ಮೂಲ ತೊಂದರೆ ಅದೇ.

ಸಿಸ್ಪ್ಲಾಟಿನ್‌ಗಾದರೆ ಎಂಟಿಟಿ ಇಷ್ಟು ಕೆಟ್ಟದಲ್ಲ, ಕೋಶ ಬೇಗ ಸಾಯುತ್ತದೆ. ಅಂದಹಾಗೆ, ಸಿಸ್ಪ್ಲಾಟಿನ್ ಅನ್ನು ಡಿಎಂಎಸ್‌ಒನಲ್ಲಿ ಕರಗಿಸಬೇಡಿ. ಡಿಎಂಎಸ್‌ಒ ಪ್ಲಾಟಿನಂಗೆ ಅಂಟಿಕೊಂಡು ಔಷಧದ ಶಕ್ತಿಯನ್ನೇ ಕಳೆಯುತ್ತದೆ. ಸಲೈನ್‌ನಲ್ಲಿ ಕರಗಿಸಿ. ಎಷ್ಟೋ 'ರೆಸಿಸ್ಟೆಂಟ್' ಕೋಶಗಳು ಈ ಬಾಟಲಿಯಿಂದಲೇ ಹುಟ್ಟಿರುತ್ತವೆ ಅಂತ ನನ್ನ ಗುಮಾನಿ.

ಕಾಲನಿ ವಿಧಾನ ಇನ್ನೂ ಹಳೆಯದು. ಪಕ್ ಮತ್ತು ಮಾರ್ಕಸ್ 1956ರಲ್ಲಿ ಹೀಲಾ ಎಂಬ ಕ್ಯಾನ್ಸರ್ ಕೋಶಗಳಿಗೆ ಎಕ್ಸ್‌ರೇ ಕೊಟ್ಟು ಇದನ್ನು ಮಾಡಿದರು. ಸಿಕ್ಸ್ ವೆಲ್ ಪ್ಲೇಟಿನಲ್ಲಿ ಕೆಲವೇ ನೂರು ಕೋಶಗಳನ್ನು ಬಿಡಿಬಿಡಿಯಾಗಿ ಹಾಕಿ, ಔಷಧ ಕೊಟ್ಟು, 10ರಿಂದ 14 ದಿನ ಮುಟ್ಟದೆ ಬಿಡುವುದು. ಒಂದೇ ಕೋಶದಿಂದ ಹುಟ್ಟಿ 50 ಅಥವಾ ಹೆಚ್ಚು ಕೋಶಗಳಾದರೆ ಅದು ಒಂದು ಕಾಲನಿ. ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ, ತೊಳೆದು, ಎಣಿಸುವುದು. ಇಲ್ಲಿ ಕೇಳುವ ಪ್ರಶ್ನೆ ನೇರವಾಗಿದೆ: ಈ ಕೋಶಕ್ಕೆ ಸಂತಾನವಿದೆಯಾ? ಗಡ್ಡೆ ಮತ್ತೆ ಬೆಳೆಯುವುದು ಅದರಿಂದಲೇ ಅಲ್ವಾ.

ಫಲಿತಾಂಶ ನೋಡಿದಾಗ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಒಂದು ಮೈಕ್ರೋಮೋಲಾರ್‌ಗಿಂತ ಕಡಿಮೆ ಡೋಸ್‌ನಲ್ಲೇ ಮೂಲ ಕೋಶದ ವೆಲ್ ಬಹುತೇಕ ಖಾಲಿ. ಬಿಆರ್‌ಸಿಎ1 ಸೇರಿಸಿದ್ದರ ತುಂಬ ನೇರಳೆ ಚುಕ್ಕೆ. ನಮ್ಮ ಎರಡೂ ಕ್ಲೋನ್‌ಗಳೂ ಆ ಡೋಸ್‌ನಲ್ಲಿ ಆರಾಮಾಗಿ ಕಾಲನಿ ಕಟ್ಟಿದ್ದವು. ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದರೇ ಸಾಕಿತ್ತು, ಗ್ರಾಫ್ ಬೇಕಿರಲಿಲ್ಲ.

ಆದರೆ ಈ ವಿಧಾನ ತಾಳ್ಮೆ ಕೇಳುತ್ತದೆ, ಕೈಚಳಕವನ್ನೂ ಕೇಳುತ್ತದೆ. ಕೋಶಗಳನ್ನು ಹಾಕಿದ ಮೇಲೆ ಪ್ಲೇಟನ್ನು ಗುಂಡಗೆ ತಿರುಗಿಸಿದರೆ ಎಲ್ಲವೂ ಒಂದೇ ಕಡೆ ಗುಂಪಾಗುತ್ತವೆ. ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಮೆಲ್ಲಗೆ ಆಡಿಸಬೇಕು. ಕೋಶಗಳನ್ನು ಬಿಡಿಸುವ ಟ್ರಿಪ್ಸಿನ್ ಸರಿಯಾಗಿ ಆಗದೆ ಎರಡು ಮೂರು ಕೋಶ ಅಂಟಿಕೊಂಡೇ ಇದ್ದರೆ ಲೆಕ್ಕವೆಲ್ಲ ಸುಳ್ಳು. ಔಷಧವಿಲ್ಲದೆ ಎಷ್ಟು ಕೋಶ ಕಾಲನಿ ಕಟ್ಟುತ್ತವೆ ಎಂಬ ಪ್ಲೇಟಿಂಗ್ ಎಫಿಶಿಯೆನ್ಸಿ ಪ್ರತಿ ಕ್ಲೋನ್‌ಗೂ ಬೇರೆ. ಅದರಿಂದ ಭಾಗಿಸದಿದ್ದರೆ ಹೋಲಿಕೆಯೇ ಇಲ್ಲ. ತೊಳೆಯುವಾಗ ನಲ್ಲಿಯ ಕೆಳಗೆ ನೇರವಾಗಿ ಹಿಡಿಯಬೇಡಿ, ಕಾಲನಿಗಳು ಎದ್ದು ಹೋಗುತ್ತವೆ. ಟಬ್‌ನ ನೀರಿನಲ್ಲಿ ಅದ್ದಿ ತೆಗೆಯಿರಿ. ಅಷ್ಟು ದಿನ ಇನ್‌ಕ್ಯುಬೇಟರ್ ಬಾಗಿಲು ತೆಗೆದು ಹಾಕುವ ಸಹೋದ್ಯೋಗಿಗಳನ್ನೂ ಸಹಿಸಿಕೊಳ್ಳಬೇಕು. ಲ್ಯುಕೇಮಿಯಾದಂಥ ತೇಲುವ ಕೋಶಗಳಿಗೆ ಪ್ಲೇಟಿನ ಈ ವಿಧಾನ ನಡೆಯುವುದೇ ಇಲ್ಲ, ಸಾಫ್ಟ್ ಅಗಾರ್ ಅಥವಾ ಮೀಥೈಲ್ ಸೆಲ್ಯುಲೋಸ್ ಬೇಕು.

ಇಷ್ಟಾದರೂ ಕಾಲನಿ 'ಹೌದು, ರೆಸಿಸ್ಟೆಂಟ್' ಅಂತ ಮಾತ್ರ ಹೇಳುತ್ತದೆ. ಯಾಕೆ ಅಂತ ಹೇಳುವುದಿಲ್ಲ.

ಕಾಮೆಟ್ ಬಗ್ಗೆ ನನಗೆ ಸ್ವಲ್ಪ ಮೋಹ ಇದೆ, ಮುಚ್ಚಿಡುವುದಿಲ್ಲ. ಕೋಶಗಳನ್ನು ಕಡಿಮೆ ಬಿಸಿಗೆ ಕರಗುವ ಅಗರೋಸ್‌ನಲ್ಲಿ ಬೆರೆಸಿ ಸ್ಲೈಡಿನ ಮೇಲೆ ಹರಡಿ, ಲೈಸ್ ಮಾಡಿ (ಕೋಶವನ್ನು ಒಡೆದು), ಕರೆಂಟ್ ಹರಿಸುತ್ತೀರಿ. ತುಂಡಾದ ಡಿಎನ್‌ಎ ಬಾಲದಂತೆ ಹರಿದು ಬರುತ್ತದೆ, ಗಟ್ಟಿಯಾಗಿರುವುದು ತಲೆಯಲ್ಲೇ ಉಳಿಯುತ್ತದೆ. 1988ರಲ್ಲಿ ಬಂದ ಕ್ಷಾರದ ವಿಧಾನದಲ್ಲಿ ಪಿಎಚ್ 13ಕ್ಕಿಂತ ಮೇಲೆ, ಒಂದು ಎಳೆಯ ಮುರಿತವೂ ಕಾಣುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಕೊಟ್ಟು, ತೊಳೆದು, ಮತ್ತೆ 37 ಡಿಗ್ರಿಯಲ್ಲಿಟ್ಟು ಆಗಾಗ ಸ್ಲೈಡ್ ಮಾಡಿದರೆ ಬಾಲ ಕುಗ್ಗುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ. ರಿಪೇರಿಯನ್ನು ಇಷ್ಟು ನೇರವಾಗಿ ತೋರಿಸುವ ವಿಧಾನ ಈ ನಾಲ್ಕರಲ್ಲಿ ಬೇರೆ ಇಲ್ಲ.

ಸಿಸ್ಪ್ಲಾಟಿನ್‌ನಲ್ಲಿ ಆಟ ತಿರುವುಮುರುವು. ಅದು ಎಳೆಗಳನ್ನು ಒಂದಕ್ಕೊಂದು ಹೊಲಿದುಬಿಡುವುದರಿಂದ ಬಾಲ ಉದ್ದವಾಗುವ ಬದಲು ಗಿಡ್ಡವಾಗುತ್ತದೆ. ಹಾಗಾಗಿ ಸಿಸ್ಪ್ಲಾಟಿನ್ ಕೊಟ್ಟ ಮೇಲೆ ರೇಡಿಯೇಶನ್ ಅಥವಾ ಪೆರಾಕ್ಸೈಡ್‌ನಿಂದ ಬೇಕೆಂದೇ ಮುರಿತ ಮಾಡಿ, ಬಾಲ ಎಷ್ಟು ಕಡಿಮೆಯಾಯಿತು ಅಂತ ನೋಡಬೇಕು. ದಿನ ಕಳೆದಂತೆ ಬಾಲ ಮತ್ತೆ ಉದ್ದವಾದರೆ ಕೋಶ ಹೊಲಿಗೆ ಬಿಚ್ಚುತ್ತಿದೆ ಎಂದರ್ಥ. ಪ್ಲಾಟಿನಂ ರೆಸಿಸ್ಟೆನ್ಸ್ ಮಾಡುವವರು ಇದನ್ನು ಕಲಿಯಲೇಬೇಕು.

ನನ್ನ ಒಲಾಪರಿಬ್ ಕ್ಲೋನ್‌ಗಳಿಗೆ ಮಾತ್ರ ಇದು ಹೆಚ್ಚು ಹೇಳಲಿಲ್ಲ. ಎರಡರಲ್ಲೂ ಬಾಲ ಕಡಿಮೆ ಅಂತಾಯಿತು. ಆದರೆ ಮುರಿತ ಕಡಿಮೆ ಆದದ್ದೋ, ಆದ ಮುರಿತ ಬೇಗ ಸರಿಯಾದದ್ದೋ, ಯಾವ ದಾರಿಯಲ್ಲಿ ಸರಿಯಾದದ್ದೋ, ಬಾಲ ಅದನ್ನು ಹೇಳುವುದಿಲ್ಲ. ಮೇಲಾಗಿ ಮಂದ ಬೆಳಕಿನಲ್ಲಿ ಕೆಲಸ, ಸ್ಲೈಡಿನಿಂದ ಜಾರಿ ಟ್ಯಾಂಕಿನಲ್ಲಿ ತೇಲುವ ಅಗರೋಸ್, ನಡುವೆ ಕರೆಂಟ್ ಹೋದರೆ ಇಡೀ ದಿನ ದಂಡ. ಡಿಎನ್‌ಎ ಮುರಿದಲ್ಲಿ ಕಾಣುವ ಗಾಮಾ ಎಚ್2ಎಎಕ್ಸ್ ಪ್ರೋಟೀನಿನ ಚುಕ್ಕೆ ಎಣಿಸುವುದು ಇದಕ್ಕಿಂತ ಸುಲಭ, ಆದರೆ ಅದೂ ಪೆಟ್ಟಾಗಿದೆ ಎಂದಷ್ಟೇ ಕೂಗುತ್ತದೆ. ಸಾಯುತ್ತಿರುವ ಕೋಶದಲ್ಲಿ ಇಡೀ ನ್ಯೂಕ್ಲಿಯಸ್ಸೇ ಬೆಳಗುತ್ತದೆ, ಅದನ್ನು ಎಣಿಕೆಗೆ ಸೇರಿಸಬಾರದು.

ರ್‍ಯಾಡ್51 ಬೇರೆಯೇ ಮಟ್ಟದ್ದು. ಹೋಮೋಲೋಗಸ್ ರಿಕಾಂಬಿನೇಶನ್‌ನಲ್ಲಿ ಬಿಆರ್‌ಸಿಎ2 ಕೊನೆಗೆ ರ್‍ಯಾಡ್51 ಪ್ರೋಟೀನನ್ನು ಮುರಿದ ತುದಿಯ ಮೇಲೆ ಸಾಲಾಗಿ ಕೂರಿಸುತ್ತದೆ. ಅದಕ್ಕೆ ಅಂಟುವ ಆ್ಯಂಟಿಬಾಡಿ ಹಾಕಿದರೆ ನ್ಯೂಕ್ಲಿಯಸ್‌ನಲ್ಲಿ ಮಿನುಗುವ ಚುಕ್ಕೆಗಳಾಗಿ ಕಾಣುತ್ತದೆ. ಚುಕ್ಕೆ ಇದೆ ಎಂದರೆ ಆ ರಿಪೇರಿ ದಾರಿ ಅಲ್ಲಿಯವರೆಗಾದರೂ ತೆರೆದಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಗಣೇಶ್ ನಾಗರಾಜು ಅವರ ಗುಂಪು ಈ ರ್‍ಯಾಡ್51ರ ಸಂಬಂಧಿ ಪ್ರೋಟೀನ್‌ಗಳ ಮೇಲೇ ಕೆಲಸ ಮಾಡುತ್ತದೆ, ಆಸಕ್ತಿ ಇದ್ದವರು ಅವರ ಪೇಪರ್‌ಗಳನ್ನು ಓದಬಹುದು.

ನಮ್ಮ ಕ್ಲೋನ್‌ಗಳು ಬೇರೆ ಬೇರೆಯಾದದ್ದು ಇಲ್ಲಿಯೇ. ಔಷಧ ಕೊಟ್ಟ ಮಾರನೆಯ ದಿನ ನೋಡಿದರೆ ಮೊದಲನೆಯದರಲ್ಲಿ ಚುಕ್ಕೆಗಳು ಮರಳಿ ಬಂದಿದ್ದವು. ಎರಡನೆಯದು ಮೂಲ ಕೋಶದಂತೆಯೇ ಕತ್ತಲು. ಎಂಟಿಟಿ, ಕಾಲನಿ, ಕಾಮೆಟ್ ಮೂರರಲ್ಲೂ ಅವಳಿಗಳಂತೆ ಕಂಡವು ಒಳಗೆ ಪೂರ್ತಿ ಬೇರೆ.

ಚುಕ್ಕೆ ಮರಳಿದ ಬಿಆರ್‌ಸಿಎ1 ಕೋಶದಲ್ಲಿ ಮುಖ್ಯವಾಗಿ ಎರಡು ಗುಮಾನಿ. ಒಂದು, ಕೆಟ್ಟ ಬಿಆರ್‌ಸಿಎ ಜೀನ್‌ನಲ್ಲೇ ಇನ್ನೊಂದು ಬದಲಾವಣೆಯಾಗಿ ಪ್ರೋಟೀನ್ ಮತ್ತೆ ಕೆಲಸಕ್ಕೆ ಬಂದಿರುವುದು. 2008ರಲ್ಲಿ ಬಿಆರ್‌ಸಿಎ2 ಕೆಟ್ಟ ಕೋಶಗಳಲ್ಲಿ ಇದು ಮೊದಲು ಸಿಕ್ಕಿತು, ಆಮೇಲೆ ರೋಗಿಗಳಲ್ಲೂ ಸಾಕಷ್ಟು ಕಂಡಿದೆ. ಇನ್ನೊಂದು, 53ಬಿಪಿ1 ಪ್ರೋಟೀನ್ ಕಾಣೆಯಾಗಿರುವುದು. ಮುರಿದ ತುದಿಯನ್ನು ಕತ್ತರಿಸಲು ಬಿಡದೆ ಕಾಯುವುದು 53ಬಿಪಿ1. ಅದು ಹೋದರೆ ಬಿಆರ್‌ಸಿಎ1 ಇಲ್ಲದೆಯೂ ರಿಪೇರಿ ಸಾಗುತ್ತದೆ ಎಂದು 2010ರಲ್ಲಿ ತೋರಿಸಲಾಯಿತು. ಬಿಆರ್‌ಸಿಎ2 ಇಲ್ಲದ ಕೋಶಕ್ಕೆ ಈ ಉಪಾಯ ಸಿಗುವುದಿಲ್ಲ. ನಮ್ಮ ಮೊದಲ ಕ್ಲೋನ್‌ನ ವೆಸ್ಟರ್ನ್ ಬ್ಲಾಟ್‌ನಲ್ಲಿ (ಒಂದು ಪ್ರೋಟೀನ್ ಇದೆಯಾ ಅಂತ ನೋಡುವ ಪರೀಕ್ಷೆ) 53ಬಿಪಿ1 ಪಟ್ಟಿ ಇರಲೇ ಇಲ್ಲ. ಬಿಆರ್‌ಸಿಎ1 ಸೀಕ್ವೆನ್ಸ್ ಹಳೆಯದೇ.

ರ್‍ಯಾಡ್51ರ ಕಷ್ಟಗಳೂ ಕಡಿಮೆಯಿಲ್ಲ. ಒಳ್ಳೆಯ ಆ್ಯಂಟಿಬಾಡಿ ಆಮದು, ವಾರಗಟ್ಟಲೆ ಕಾಯಬೇಕು. ನಮಗೊಮ್ಮೆ ಐಸೆಲ್ಲ ಕರಗಿ ನೀರಾದ ಪೊಟ್ಟಣ ಬಂತು, ಸರಬರಾಜಿನವರು 'ಪರವಾಗಿಲ್ಲ ಬಳಸಿ ಸಾರ್' ಅಂದರು. ಪರವಾಗಿತ್ತು, ಬಳಸಲಾಗಲಿಲ್ಲ. ಇನ್ನು ಈ ಚುಕ್ಕೆಗಳು ಬರುವುದು ನಕಲು ನಡೆಯುವ ಎಸ್ ಹಂತ ಮತ್ತು ಅದರ ನಂತರದ ಜಿ2 ಹಂತದಲ್ಲಿ ಮಾತ್ರ. ಪ್ಲೇಟ್ ತುಂಬಿ ಕೋಶಗಳು ಬೆಳೆಯುವುದನ್ನು ನಿಲ್ಲಿಸಿದ್ದರೆ ಚುಕ್ಕೆ ಸಿಗದೆ ರಿಪೇರಿಯೇ ಇಲ್ಲ ಅನ್ನಿಸಿಬಿಡುತ್ತದೆ. ಜೆಮಿನಿನ್ ಎಂಬ ಪ್ರೋಟೀನನ್ನು ಜೊತೆಗೇ ಬಣ್ಣ ಹಾಕಿ, ಅದು ಇರುವ ಕೋಶಗಳನ್ನಷ್ಟೇ ಎಣಿಸಿ. ಐದು ಅಥವಾ ಹೆಚ್ಚು ಚುಕ್ಕೆ ಇದ್ದರೆ ಪಾಸಿಟಿವ್ ಎನ್ನುವುದು ಸಾಮಾನ್ಯ ರೂಢಿ. ಎಣಿಸುವವರಿಗೆ ಯಾವ ಸ್ಲೈಡ್ ಯಾವುದು ಅಂತ ಹೇಳಬೇಡಿ.

ಒಂದು ತಿಂಗಳು, ಸ್ವಲ್ಪವೇ ದುಡ್ಡು ಇದ್ದರೆ ನಾನು ಎಂಟಿಟಿಯನ್ನು ಡೋಸ್‌ನ ಅಂದಾಜಿಗಷ್ಟೇ ಬಳಸಿ, ಕಾಲನಿ ಹಾಕಿ, ಅವು ಬೆಳೆಯುವ ಆ ಎರಡು ವಾರದಲ್ಲಿ ರ್‍ಯಾಡ್51 ಮುಗಿಸುತ್ತೇನೆ. ಚುಕ್ಕೆ ಬಾರದ ಕ್ಲೋನ್ ಸಿಕ್ಕರೆ ಮುಂದಿನ ಕಾಲನಿ ಪ್ಲೇಟಿನಲ್ಲಿ ಒಲಾಪರಿಬ್ ಜೊತೆ ವೆರಪಮಿಲ್ ಹಾಕಿದ ಸಾಲೊಂದು ಇರಲಿ, ವೆರಪಮಿಲ್ ಒಂದನ್ನೇ ಹಾಕಿದ ಸಾಲೂ ಇರಲಿ. ಔಷಧವನ್ನು ಹೊರಗೆ ತಳ್ಳುವ ಪಿ-ಗ್ಲೈಕೋಪ್ರೋಟೀನ್ ಪಂಪನ್ನು ಅದು ತಡೆಯುತ್ತದೆ. ನಮ್ಮ ಎರಡನೆಯ ಕ್ಲೋನ್ ಅದನ್ನು ಹಾಕಿದೊಡನೆ ಮತ್ತೆ ಒಲಾಪರಿಬ್‌ಗೆ ಸಾಯತೊಡಗಿತು. ಹಾಗೂ ಸಾಯದಿದ್ದರೆ ಪಾರ್ಪ್1 ಮಾಡಿದ ಗುರುತನ್ನು ಅಳಿಸುವ ಪಾರ್ಜ್ ಪ್ರೋಟೀನ್ ಇದೆಯಾ, ಪಾರ್ಪ್1 ಜೀನ್‌ನಲ್ಲೇ ಬದಲಾವಣೆ ಆಗಿದೆಯಾ, ನಕಲು ನಿಂತಲ್ಲಿ ಡಿಎನ್‌ಎಯನ್ನು ಕಾಪಾಡುವ ವ್ಯವಸ್ಥೆ ಬದಲಾಗಿದೆಯಾ ಅಂತ ಒಂದೊಂದಾಗಿ ನೋಡುತ್ತಾ ಹೋಗಬೇಕು. ಅದಕ್ಕೆ ಒಂದು ತಿಂಗಳು ಸಾಲದು.